ಕಂದಕದ ನೀರಿಗೆ ಧುಮುಕಿದ ಬಾಲೆ

ಒಲಿಂಪಿಕ್ ಕ್ರೀಡೆಗಳ ಫಲಿತಾಂಶಗಳನ್ನು ವರ್ಷವಾರು ನಮೂದಿಸಿರುವ ಯಾವುದಾದರೊಂದು ಗ್ರಂಥವನ್ನು ತೆರೆದು 1920ನೆಯ ಇಸವಿಯ ಪುಟಗಳನ್ನು ತಿರುವಿದರೆ, ಮಹಿಳೆಯರ ಸ್ಪ್ರಿಂಗ್‌ಬೋರ್ಡ್ ಸ್ಪರ್ಧೆಯ ಕೆಳಗೆ ನಾಲ್ಕೇ ನಾಲ್ಕು ಹೆಸರುಗಳು ಕಾಣಸಿಗುತ್ತವೆ. ನಾಲ್ವರೂ ಅಮೆರಿಕ ದೇಶದವರು. ಮೊದಲ ಹೆಸರು ಐಲೀನ್ ರಿಗಿನ್, ವಯಸ್ಸು ಹದಿನಾಲ್ಕು. ಒಂದೇ ದೇಶದ ನಾಲ್ವರು ಹುಡುಗಿಯರು ತಮ್ಮತಮ್ಮೊಳಗೆ ಸೆಣಸಿ, ಮೂವರು ಪದಕಗಳನ್ನು ಹಂಚಿಕೊಂಡ ಈ ಪಂದ್ಯವನ್ನು ಅಂತರರಾಷ್ಟ್ರೀಯ ಸ್ಪರ್ಧೆಯೆಂದು ಕರೆಯುವುದು ಹೇಗೆ ಎಂದು ಯಾರಾದರೂ ನಸುನಕ್ಕರೆ ಅವರನ್ನು ಆಕ್ಷೇಪಿಸುವಂತಿಲ್ಲ. ಅಂಕಿಗಳನ್ನಷ್ಟೇ ನೋಡುವವರಿಗೆ ಅದು ಅತ್ಯಂತ ಸುಲಭವಾದ ಗೆಲುವಿನಂತೆ ತೋರುತ್ತದೆ.

ಆದರೆ ಕೆಲವು ಗೆಲುವುಗಳ ಬೆಲೆಯನ್ನು ಕಟ್ಟಬೇಕಾದರೆ, ಅಂಗಳದಲ್ಲಿ ಎದುರು ನಿಂತವರನ್ನು ಎಣಿಸಿದರೆ ಸಾಲದು. ಅಂಗಳಕ್ಕೆ ಬಾರದಂತೆ ದಾರಿಗೆ ಅಡ್ಡ ನಿಂತವರನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಐಲೀನ್ ರಿಗಿನ್ನಳ ಬಾಳನ್ನು ಈ ದೃಷ್ಟಿಯಿಂದ ಅವಲೋಕಿಸಿದವರಿಗೆ, ಆ ನಾಲ್ಕು ಹೆಸರುಗಳ ಪುಟ್ಟ ಪಟ್ಟಿಯ ಹಿಂದೆ ಎಷ್ಟು ದೊಡ್ಡ ಹೋರಾಟ ಅಡಗಿದೆಯೆಂಬುದು ತಿಳಿಯದಿರದು.

ಐಲೀನ್ ಹುಟ್ಟಿದ್ದು 1906ನೆಯ ಇಸವಿ ಮೇ 2ರಂದು, ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದ ನ್ಯೂಪೋರ್ಟ್ ಎಂಬ ಕಡಲತಡಿಯ ಊರಿನಲ್ಲಿ. ತಂದೆ ನೌಕಾಪಡೆಯ ನೌಕರ. ನೌಕಾಪಡೆಯವರ ಸಂಸಾರವೆಂದರೆ ಇಂದು ಈ ರೇವು, ನಾಳೆ ಆ ರೇವು. ತಂದೆಗೆ ಫಿಲಿಪೈನ್ಸ್ ದ್ವೀಪಗಳಿಗೆ ವರ್ಗವಾದಾಗ ಮಗಳೂ ಅಲ್ಲಿಗೆ ಹೋದಳು. ಅಂದು ಆ ದ್ವೀಪಗಳು ಅಮೆರಿಕದ ಆಳ್ವಿಕೆಯಲ್ಲಿದ್ದವು. ಮನಿಲಾ ಕೊಲ್ಲಿಯ ಬೆಚ್ಚನೆಯ ನೀರಿನಲ್ಲಿ ಆ ಮಗು ಈಜು ಕಲಿಯಿತು. ಹೆಣ್ಣುಮಕ್ಕಳು ಈಜುವುದು ಉಚಿತವೋ ಅನುಚಿತವೋ ಎಂಬ ಚರ್ಚೆ ಕಿವಿಗೆ ಬೀಳುವುದಕ್ಕೆ ಮುಂಚೆಯೇ ನೀರು ಅವಳ ಗೆಳತಿಯಾಗಿಬಿಟ್ಟಿತ್ತು.

ಆ ಚರ್ಚೆಯಾದರೋ ಅಮೆರಿಕದಲ್ಲಿ ಆಗ ಬಿಸಿಬಿಸಿಯಾಗಿಯೇ ನಡೆಯುತ್ತಿತ್ತು. ಒಲಿಂಪಿಕ್ ಕ್ರೀಡೆಗಳಲ್ಲಿ ನೀರಿಗೆ ಧುಮುಕುವ ಸ್ಪರ್ಧೆ ಮೊದಲು ಕಾಣಿಸಿಕೊಂಡದ್ದು 1904ರಲ್ಲಿ, ಸೇಂಟ್ ಲೂಯಿ ನಗರದಲ್ಲಿ. 1908ರ ಲಂಡನ್ ಕೂಟದಲ್ಲಿ ಅದಕ್ಕೆ ಸ್ಪ್ರಿಂಗ್‌ಬೋರ್ಡ್ ಸೇರಿತು. ಇವೆಲ್ಲ ಗಂಡಸರಿಗೆ ಮಾತ್ರ. 1912ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಮೊತ್ತಮೊದಲಿಗೆ ಮಹಿಳೆಯರಿಗೆ ಈಜುವ ಮತ್ತು ಎತ್ತರದ ವೇದಿಕೆಯಿಂದ ಧುಮುಕುವ ಪಂದ್ಯಗಳು ಏರ್ಪಾಡಾದವು; ಸ್ವೀಡನ್ನಿನ ಗ್ರೆಟಾ ಯೋಹಾನ್ಸನ್ ಎಂಬ ಯುವತಿ ವೇದಿಕೆಯ ಪಂದ್ಯದಲ್ಲಿ ಗೆದ್ದಳು. ಅಮೆರಿಕದ ಒಬ್ಬಳೇ ಒಬ್ಬ ಹೆಣ್ಣುಮಗಳು ಅಲ್ಲಿರಲಿಲ್ಲ. ಕಾರಣ, ಅಮೆರಿಕದ ಹವ್ಯಾಸಿ ಕ್ರೀಡೆಗಳ ಸೂತ್ರವನ್ನು ಕೈಯಲ್ಲಿ ಹಿಡಿದಿದ್ದ ಜೇಮ್ಸ್ ಸಲಿವನ್ ಎಂಬಾತ. ಉದ್ದನೆಯ ಲಂಗ ತೊಡದೆ ಹೆಂಗಸರು ಸಾರ್ವಜನಿಕರೆದುರು ಸ್ಪರ್ಧಿಸುವುದನ್ನು ಆತ ಸುತರಾಂ ಒಪ್ಪುತ್ತಿರಲಿಲ್ಲ. ಐಡಾ ಶ್ನಾಲ್ ಎಂಬ ಸಾಹಸಿ ತರುಣಿ, ತಾನು ಸ್ಟಾಕ್‌ಹೋಮಿಗೆ ಹೋಗಲಾಗದಂತೆ ಆತ ತಡೆದನೆಂದು ವೃತ್ತಪತ್ರಿಕೆಗೆ ಬರೆದು ಪ್ರತಿಭಟಿಸಿದಳು. ಆಧುನಿಕ ಒಲಿಂಪಿಕ್ ಕ್ರೀಡೆಗಳ ಜನಕನೆನಿಸಿದ ಕೂಬರ್ತಾಂ ಕೂಡ ಹೆಂಗಸರ ಸ್ಪರ್ಧೆಗೆ ಒಲವು ತೋರಿದವನಲ್ಲ. ಅಂದಮೇಲೆ ಕೆಳಗಿನ ಅಧಿಕಾರಿಗಳಿಂದ ಉದಾರತೆಯನ್ನು ನಿರೀಕ್ಷಿಸುವುದೆಂತು?

1914ರಲ್ಲಿ ಸಲಿವನ್ ತೀರಿಕೊಂಡ. ಆ ಬಳಿಕ ಬಾಗಿಲು ತುಸು ಸಡಿಲವಾಯಿತು. ಹಾಗೆ ಸಡಿಲವಾದ ಬಾಗಿಲನ್ನು ಬಲವಾಗಿ ನೂಕಿ ತೆರೆದವರು ಶಾರ್ಲಟ್ ಎಪ್‌ಸ್ಟೀನ್. ನ್ಯೂಯಾರ್ಕ್ ನಗರದ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದ ಈ ಮಹಿಳೆ ತಾವಾಗಿ ದೊಡ್ಡ ಈಜುಗಾರ್ತಿಯಲ್ಲ. ಹಗಲೆಲ್ಲ ವಕೀಲರ ವಾದವನ್ನು ಬರೆದುಕೊಂಡು, ಸಂಜೆಗೆ ಹುಡುಗಿಯರನ್ನು ಕೂಡಿಸಿಕೊಂಡು ಈಜುಕೊಳಕ್ಕೆ ಹೊರಡುತ್ತಿದ್ದರು. 1917ರಲ್ಲಿ ಅವರು ನ್ಯೂಯಾರ್ಕ್ ಮಹಿಳಾ ಈಜು ಸಂಘವನ್ನು ಸ್ಥಾಪಿಸಿದರು. ಆ ಸಂಘದಲ್ಲಿ ಈಜು ಕಲಿಸುತ್ತಿದ್ದವರು ಲೂಯಿ ಹ್ಯಾಂಡ್ಲಿ. ರೋಮ್ ನಗರದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲಸಿದವರು. 1904ರ ಒಲಿಂಪಿಕ್ ಕೂಟದಲ್ಲಿ ಸ್ವತಃ ಗೆದ್ದವರು. ಅವರು ಈ ಹುಡುಗಿಯರಿಂದ ಬಿಡಿಕಾಸನ್ನೂ ಮುಟ್ಟದೆ ವಿದ್ಯೆಯನ್ನು ಧಾರೆಯೆರೆದರು. ಮುಂದೆ 1926ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಈಜಿದ ಮೊದಲ ಮಹಿಳೆಯೆಂದು ಲೋಕವಿಖ್ಯಾತಳಾದ ಗರ್ಟ್ರೂಡ್ ಎಡರ್ಲೆಯೂ ಇದೇ ಸಂಘದ ಗರಡಿಯಲ್ಲಿ ಪಳಗಿದವಳು. ಬಾಲೆ ಐಲೀನ್ ಬಂದು ಸೇರಿದ್ದೂ ಇಲ್ಲಿಗೇ.

ಅಂದಿನ ಲೋಕಾಚಾರ ಎಂತಹುದಾಗಿತ್ತೆಂಬುದಕ್ಕೆ ಒಂದು ಸಂಗತಿಯನ್ನು ಹೇಳಿದರೆ ಸಾಕು. ಈಜುವಾಗಲೂ ಹೆಂಗಸರು ಕಾಲಿಗೆ ಉದ್ದನೆಯ ಕಾಲುಚೀಲ ತೊಟ್ಟಿರಬೇಕೆಂದು ಕಡಲತೀರಗಳಲ್ಲಿ ಕಟ್ಟಳೆಯಿತ್ತು. 1919ರಲ್ಲಿ ಇದೇ ಸಂಘದ ಎತೆಲ್ಡಾ ಬ್ಲೈಬ್‌ಟ್ರಿ ಎಂಬ ಈಜುಗಾರ್ತಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಬೀಚಿನಲ್ಲಿ ನೀರಿಗಿಳಿಯುವ ಮುನ್ನ ಕಾಲುಚೀಲಗಳನ್ನು ಕಳಚಿದಳು. ಅಷ್ಟಕ್ಕೆ ಅವಳ ಮೇಲೆ ನಗ್ನಳಾಗಿ ಈಜಿದ ಆರೋಪ ಬಂತು! ಜನಾಭಿಪ್ರಾಯ ಅವಳ ಪರವಾಗಿ ನಿಂತದ್ದರಿಂದ ಆ ಕಟ್ಟಳೆ ಕ್ರಮೇಣ ಸಡಿಲವಾಯಿತು. ಕಾಲುಚೀಲವಿಲ್ಲದ ಕಾಲೇ ಅಪರಾಧವೆನಿಸಿದ್ದ ಆ ಕಾಲದಲ್ಲಿ, ಎಲ್ಲರ ಕಣ್ಣೆದುರು ಎತ್ತರದ ಹಲಗೆಯೇರಿ, ಗಾಳಿಯಲ್ಲಿ ಮೈಯನ್ನು ಮಡಿಸಿ ಬಿಚ್ಚಿ ನೀರಿಗೆ ಧುಮುಕುವ ಹುಡುಗಿಯನ್ನು ಹಿರಿಯರು ಯಾವ ಕಣ್ಣಿನಿಂದ ನೋಡಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಈ ಕಲೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಬಾವಿಯ ದಂಡೆಯಿಂದಲೋ ಬಂಡೆಯ ತುದಿಯಿಂದಲೋ ಧುಮುಕುವವನಿಗೆ ಕಾಲ ಕೆಳಗಿನ ನೆಲ ಅಲುಗುವುದಿಲ್ಲ. ಎತ್ತರದ ವೇದಿಕೆಯೂ ಹಾಗೆಯೇ ಸ್ಥಿರವಾದದ್ದು. ಸ್ಪ್ರಿಂಗ್‌ಬೋರ್ಡ್, ಅಂದರೆ ಚಿಮ್ಮುಹಲಗೆಯಾದರೋ ಜೀವವುಳ್ಳ ವಸ್ತುವಿನಂತೆ. ಅದರ ಒಂದು ತುದಿ ಭದ್ರವಾಗಿ ಕಟ್ಟಲ್ಪಟ್ಟಿದ್ದು, ನಡುವೆ ಒಂದು ಆನಿಕೆಯ ಮೇಲೆ ಹಾಯ್ದು, ಇನ್ನೊಂದು ತುದಿ ನೀರಿನ ಮೇಲೆ ಚಾಚಿಕೊಂಡಿರುತ್ತದೆ. ಧುಮುಕುವವಳು ಅಳೆದ ಹೆಜ್ಜೆಗಳಲ್ಲಿ ನಡೆದುಬಂದು, ಕೊನೆಯಲ್ಲಿ ಒಮ್ಮೆ ಮೇಲಕ್ಕೆ ನೆಗೆದು, ಎರಡೂ ಪಾದಗಳನ್ನು ಹಲಗೆಯ ತುದಿಗೆ ಊರುತ್ತಾಳೆ. ಹಲಗೆ ಬಾಗುತ್ತದೆ, ಬಾಗಿ ಮರಳಿ ಚಿಮ್ಮುತ್ತದೆ. ಅದು ಚಿಮ್ಮುವ ಕ್ಷಣಕ್ಕೂ ಅವಳು ಚಿಮ್ಮುವ ಕ್ಷಣಕ್ಕೂ ಕೂದಲೆಳೆಯಷ್ಟು ಅಂತರ ಬಂದರೂ ಕೆಲಸ ಕೆಟ್ಟಿತು. ತಾಳ ತಪ್ಪದಿದ್ದರೆ ಹಲಗೆ ಅವಳನ್ನು ತನ್ನ ಎತ್ತರಕ್ಕಿಂತ ಎಷ್ಟೋ ಮೇಲಕ್ಕೆ ಎಸೆಯುತ್ತದೆ. ಆಮೇಲೆ ಒಂದೆರಡು ಗಳಿಗೆಯಲ್ಲ, ಕಣ್ಣೆವೆಯಿಕ್ಕುವ ಹೊತ್ತಿನಲ್ಲಿ, ಹಂಸದಂತೆ ತೋಳು ಚಾಚುವುದೋ, ಸೊಂಟದಲ್ಲಿ ಮಡಿಯುವುದೋ, ಉಂಡೆಯಾಗಿ ಉರುಳುವುದೋ, ಮೈ ತಿರುಚುವುದೋ ಎಲ್ಲ ಮುಗಿದು, ನೆಟ್ಟಗೆ ಗೆರೆ ಎಳೆದಂತೆ ನೀರನ್ನು ಹೊಗಬೇಕು. ನೀರು ಎಷ್ಟು ಕಡಿಮೆ ಎರಚಿದರೆ ಅಷ್ಟು ಒಳ್ಳೆಯದು. ತೀರ್ಪುಗಾರರು ಅಂಕ ಕೊಡುತ್ತಾರೆ. ಧುಮುಕಿನ ಕ್ಲಿಷ್ಟತೆಗೆ ತಕ್ಕಂತೆ ಆ ಅಂಕ ಹೆಚ್ಚುತ್ತದೆ. ಇಲ್ಲಿ ಬೇಕಾದದ್ದು ತೋಳಿನ ಬಲಕ್ಕಿಂತ ಹೆಚ್ಚಾಗಿ ತಾಳಜ್ಞಾನ, ಸಮತೋಲ ಮತ್ತು ಅಂಜದ ಎದೆ. ಈ ಮೂರೂ ಪುಟ್ಟ ಐಲೀನಳಲ್ಲಿ ಧಾರಾಳವಾಗಿದ್ದವು.

ಕಲಿಯುವ ಅನುಕೂಲಗಳು ಮಾತ್ರ ಧಾರಾಳವಾಗಿರಲಿಲ್ಲ. ಧುಮುಕುವುದಕ್ಕೆ ಯೋಗ್ಯವಾದ ಆಳವೂ ಎತ್ತರವೂ ಉಳ್ಳ ಕೊಳಗಳು ಅಂದು ಹೆಂಗಸರ ಪಾಲಿಗೆ ತೀರ ವಿರಳ. ಇಂದಿನ ಕಲಿಕೆಯವರಿಗೆ ದೊರೆಯುವ ಸೊಂಟದ ಹಗ್ಗಗಳು, ಮೆತ್ತನೆಯ ಹಾಸುಗಳು, ಚಿತ್ರ ತೆಗೆದು ತಪ್ಪು ತೋರಿಸುವ ಯಂತ್ರಗಳು ಇವಾವುವೂ ಆಗ ಇಲ್ಲ. ಹೊಸ ವರಸೆಯೊಂದನ್ನು ಕಲಿಯಬೇಕಾದರೆ ಧುಮುಕಿಯೇ ನೋಡಬೇಕು. ತಪ್ಪಿದರೆ ನೀರು ಬೆನ್ನಿಗೋ ಹೊಟ್ಟೆಗೋ ಬಾರಿಸಿ ತಪ್ಪನ್ನು ತಿಳಿಸುತ್ತಿತ್ತು.

ಹೀಗಿರಲು ಮಹಾಯುದ್ಧ ಮುಗಿಯಿತು. 1916ರಲ್ಲಿ ಬರ್ಲಿನ್ನಿನಲ್ಲಿ ನಡೆಯಬೇಕಾಗಿದ್ದ ಒಲಿಂಪಿಕ್ ಕೂಟ ಯುದ್ಧದ ಕಾರಣ ನಿಂತುಹೋಗಿತ್ತು. ಯುದ್ಧದಲ್ಲಿ ಅಪಾರವಾಗಿ ನೊಂದ ಬೆಲ್ಜಿಯಂ ದೇಶವನ್ನು ಗೌರವಿಸುವ ಸಲುವಾಗಿ 1920ರ ಕೂಟವನ್ನು ಅಲ್ಲಿನ ಆಂಟ್ವರ್ಪ್ ನಗರಕ್ಕೆ ಕೊಡಲಾಯಿತು. ಸೋತ ರಾಷ್ಟ್ರಗಳಿಗೆ ಆಹ್ವಾನವಿರಲಿಲ್ಲ. ಐದು ಉಂಗುರಗಳ ಒಲಿಂಪಿಕ್ ಧ್ವಜ ಕೂಟದಲ್ಲಿ ಮೊದಲು ಹಾರಿದ್ದೂ, ಆಟಗಾರರು ಪ್ರತಿಜ್ಞೆ ಸ್ವೀಕರಿಸುವ ಸಂಪ್ರದಾಯ ಮೊದಲಾದದ್ದೂ ಆ ವರ್ಷವೇ. ಮಹಿಳೆಯರ ಚಿಮ್ಮುಹಲಗೆಯ ಪಂದ್ಯವೂ ಅದೇ ಕೂಟದಲ್ಲಿ ಮೊದಲ ಬಾರಿಗೆ ಕಾರ್ಯಕ್ರಮವನ್ನು ಸೇರಿತು.

ಆಯ್ಕೆಯ ಪಂದ್ಯಗಳಲ್ಲಿ ಹದಿನಾಲ್ಕರ ಐಲೀನ್, ಅವಳದೇ ವಯಸ್ಸಿನ ಹೆಲೆನ್ ವೇನ್‌ರೈಟ್, ಹದಿನೈದರ ಹೆಲೆನ್ ಮೀನಿ ಈ ಮೂವರೂ ತೇರ್ಗಡೆಯಾದರು. ಆಗ ಅಮೆರಿಕದ ಒಲಿಂಪಿಕ್ ಸಮಿತಿಯಲ್ಲಿ ಕೋಲಾಹಲವೆದ್ದಿತು. ಹೆಂಗಸರನ್ನು ಕಳುಹಿಸುವುದೇ ಒಂದು ತೊಡಕು. ಇವರಾದರೋ ಇನ್ನೂ ಮಕ್ಕಳು! ಮಕ್ಕಳನ್ನು ಕಡಲಾಚೆಗೆ ಕರೆದೊಯ್ಯುವ ಹೊಣೆ ಯಾರದು? ಸಮಿತಿಯ ಹಿರಿಯರು ಒಪ್ಪಲಿಲ್ಲ. ಎಪ್‌ಸ್ಟೀನ್ ಮತ್ತು ಅವರ ಸಂಗಡಿಗರು ಸುಮ್ಮನೆ ಕೂರುವವರಲ್ಲ. ಸಮಿತಿಯವರ ಬಾಗಿಲಿಗೆ ಎಡತಾಕಿ, ವಾದಿಸಿ, ಒತ್ತಾಯಿಸಿ, ಕೊನೆಗೆ ಒಪ್ಪಿಸಿದರು. ಹುಡುಗಿಯರ ಯೋಗಕ್ಷೇಮವನ್ನು ನೋಡಿಕೊಳ್ಳುವ ವ್ಯವಸ್ಥಾಪಕರಾಗಿ ತಾವೇ ಹೊರಟುನಿಂತರು. ಅಮೆರಿಕದ ಈಜುಗಾರ್ತಿಯರೂ ಧುಮುಕುವ ಹುಡುಗಿಯರೂ ಒಲಿಂಪಿಕ್ ಕೂಟಕ್ಕೆ ಹೊರಟದ್ದು ಅದೇ ಮೊದಲು.

ಪ್ರಯಾಣಕ್ಕೆ ಗೊತ್ತಾದ ಹಡಗು ಪ್ರಿನ್ಸೆಸ್ ಮಟೊಯಿಕಾ. ಹೆಸರು ರಾಜಕುಮಾರಿಯದಾದರೂ ಅದೊಂದು ಹಳೆಯ ಸೈನಿಕ ಸಾಗಣೆಯ ಹಡಗು. ಯೂರೋಪಿನ ರಣರಂಗದಲ್ಲಿ ಮಡಿದ ಅಮೆರಿಕದ ಯೋಧರ ಶವಪೆಟ್ಟಿಗೆಗಳನ್ನು ಹೊತ್ತು ತಂದು ಆಗತಾನೆ ರೇವಿನಲ್ಲಿ ಇಳಿಸಿತ್ತು. ಹಡಗನ್ನೇರಲು ಬಂದ ಹುಡುಗಿಯರ ಕಣ್ಣಿಗೆ ಮೊದಲು ಬಿದ್ದದ್ದು ಆ ಪೆಟ್ಟಿಗೆಗಳ ಸಾಲು. 1920ರ ಜುಲೈ ತಿಂಗಳ ಕೊನೆಯಲ್ಲಿ ಹೊರಟ ಆ ಹಡಗಿನ ತಳದ ಅಂಕಣದಲ್ಲಿ, ಗಾಳಿಯಿಲ್ಲದ ಎಡೆಯಲ್ಲಿ, ಗಂಡು ಆಟಗಾರರನ್ನು ತುಂಬಲಾಗಿತ್ತು. ಊಟ, ವಸತಿ ಎರಡೂ ಕಳಪೆಯಾಗಿದ್ದುದರಿಂದ ಆಟಗಾರರೆಲ್ಲ ಸೇರಿ ಸಹಿ ಹಾಕಿ ಸಮಿತಿಗೆ ದೂರಿತ್ತರು. ಆ ಪ್ರಕರಣ ಮಟೊಯಿಕಾದ ದಂಗೆಯೆಂದು ಕ್ರೀಡಾ ಇತಿಹಾಸದಲ್ಲಿ ಹೆಸರಾಗಿದೆ. ಮಹಿಳೆಯರಿಗೆ ಮೇಲಿನ ಕೊಠಡಿಗಳು ದೊರೆತಿದ್ದರಿಂದ ಅವರ ಪಾಡು ಅಷ್ಟು ಕೆಟ್ಟದಾಗಿರಲಿಲ್ಲ. ಸಂಜೆಯ ಹೊತ್ತು ಹವಾಯಿ ದ್ವೀಪದ ಈಜುಗಾರ ಡ್ಯೂಕ್ ಕಹಾನಮೋಕು ಮತ್ತು ಅವನ ಸಂಗಡಿಗರು ಹಡಗಿನ ಮೇಲೆ ಕುಳಿತು ತಂತಿವಾದ್ಯ ನುಡಿಸುತ್ತಿದ್ದರು. ಕಷ್ಟದ ನಡುವೆ ಅದೊಂದು ಹಿತವಾದ ನೆನಪಾಗಿ ಐಲೀನಳ ಮನಸ್ಸಿನಲ್ಲಿ ಉಳಿಯಿತು.

ಅಭ್ಯಾಸದ ಗತಿಯೇನು? ಹಡಗಿನ ಅಟ್ಟದ ಮೇಲೆ ದಪ್ಪ ಕಿತ್ತಾನಿನ ಒಂದು ತೊಟ್ಟಿಯನ್ನು ಕಟ್ಟಿ ಸಮುದ್ರದ ನೀರು ತುಂಬಿದ್ದರು. ಈಜುಗಾರರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಇದ್ದಲ್ಲಿಯೇ ಈಜಬೇಕು. ಗಾಣದ ಎತ್ತು ನಡೆದಂತೆ. ಧುಮುಕುವವರಿಗೆ ಆ ಭಾಗ್ಯವೂ ಇಲ್ಲ. ಚಿಮ್ಮುಹಲಗೆಯನ್ನು ಹೂಡುವಷ್ಟು ಆಳ ಆ ತೊಟ್ಟಿಗೆಲ್ಲಿಂದ ಬರಬೇಕು? ಸುಮಾರು ಹದಿಮೂರು ದಿನಗಳ ಕಾಲ ಐಲೀನ್ ಹಲಗೆಯ ಮೇಲೆ ಕಾಲಿಡಲಿಲ್ಲ.

ಆಂಟ್ವರ್ಪ್ ತಲುಪಿದ ಮೇಲೆ ಕಂಡದ್ದು ಇನ್ನೂ ವಿಚಿತ್ರ. ಅಲ್ಲಿ ಈಜುಸ್ಪರ್ಧೆಗಳಿಗೆಂದು ಸಿದ್ಧಪಡಿಸಿದ್ದ ಸ್ಥಳ ಈಜುಕೊಳವೇ ಅಲ್ಲ. ನಗರದ ಹಳೆಯ ಕೋಟೆಗೆ ಸೇರಿದ ಕಂದಕ. ಅದರ ಬದಿಗಳಿಗೆ ಮರದ ಹಲಗೆಗಳನ್ನು ಬಡಿದು, ಪ್ರೇಕ್ಷಕರಿಗೆ ಆಸನಗಳನ್ನು ಕಟ್ಟಿ, ಕ್ರೀಡಾಂಗಣವೆಂದು ಕರೆದಿದ್ದರು. ಶತ್ರುಗಳನ್ನು ತಡೆಯುವುದಕ್ಕೆ ತೋಡಿದ ನೀರಿನಲ್ಲಿ ಈಗ ಜಗತ್ತಿನ ಮಕ್ಕಳು ಆಡಬೇಕು! ನೀರೋ ಕಡುಗಪ್ಪು, ಅಂಗೈ ಅಗಲದ ಆಳಕ್ಕೆ ಏನೂ ಕಾಣದು. ಚಳಿಯಂತೂ ಎಲುಬನ್ನು ಕೊರೆಯುವಂತಹುದು. ಈಜುಗಾರರು ಪಂದ್ಯ ಮುಗಿಸಿ ನಡುಗುತ್ತಾ ಮೇಲೆ ಬರುತ್ತಿದ್ದರು. ಕೆಲವರನ್ನು ಎತ್ತಿ ಬೆಚ್ಚಗೆ ಉಜ್ಜಬೇಕಾಯಿತು.

ಐಲೀನಳಿಗೆ ಚಳಿಗಿಂತ ಮಿಗಿಲಾದ ಭಯವೊಂದು ಹುಟ್ಟಿತು. ಕಂದಕದ ತಳದಲ್ಲಿ ಕೆಸರಿತ್ತು. ಎತ್ತರದಿಂದ ತಲೆಕೆಳಗಾಗಿ ಧುಮುಕಿದಾಗ ಕೈಗಳು ಆ ಕೆಸರಿನಲ್ಲಿ ಹೂತುಹೋದರೆ? ನೀರು ಕಪ್ಪಾಗಿರುವುದರಿಂದ ಮುಳುಗಿದವರು ಮೇಲಿನವರ ಕಣ್ಣಿಗೆ ಬೀಳುವುದಿಲ್ಲ. ತಾನು ಅಲ್ಲಿಯೇ ಸಿಕ್ಕಿಕೊಂಡರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಆ ಹುಡುಗಿಯನ್ನು ಕಾಡಿತು. ಮುಪ್ಪಿನಲ್ಲಿಯೂ ಆಕೆ ಆ ಕಂದಕವನ್ನು ನೆನೆದಾಗ ಮೊದಲು ನೆನಪಾಗುತ್ತಿದ್ದುದು ಈ ಕೆಸರಿನ ಭಯವೇ.

ಬಿಡುವಿನ ಒಂದು ದಿನ ಆಟಗಾರರನ್ನು ಸಮೀಪದ ರಣಭೂಮಿಗಳನ್ನು ನೋಡಲು ಕರೆದೊಯ್ದರು. ಯುದ್ಧ ನಿಂತು ಎರಡು ವರ್ಷವೂ ತುಂಬಿರಲಿಲ್ಲ. ಅಗಳುಗಳು ತೋಡಿದಂತೆಯೇ ಇದ್ದವು. ಸೈನಿಕರ ಶಿರಸ್ತ್ರಾಣಗಳು ಮಣ್ಣಿನಲ್ಲಿ ಬಿದ್ದಿದ್ದವು. ಹದಿನಾಲ್ಕರ ಹುಡುಗಿ ಅದನ್ನು ಕಂಡು, ಮರಳಿ ಬಂದು, ಕಂದಕದ ಹಲಗೆಯೇರಬೇಕಾಯಿತು.

ಆ ಕೂಟದಲ್ಲಿ ಅವಳಷ್ಟು ಪುಟ್ಟ ದೇಹದವರು ಅಪರೂಪ. ಎತ್ತರ 4 ಅಡಿ 7 ಅಂಗುಲ. ತೂಕ 65 ಪೌಂಡು. ಹಲಗೆ ಅವಳ ಭಾರಕ್ಕೆ ಎಷ್ಟು ಬಾಗೀತೆಂದು ನೋಡುವವರಿಗೆ ಸಂದೇಹ ಬರುವಂತಿತ್ತು. ಇತರ ದೇಶಗಳ ಹುಡುಗಿಯರು ಎತ್ತರದ ವೇದಿಕೆಯ ಪಂದ್ಯಕ್ಕೆ ಬಂದಿದ್ದರು. ಹೊಸದಾಗಿ ಬಂದ ಚಿಮ್ಮುಹಲಗೆಯ ಪಂದ್ಯಕ್ಕೆ ಮಾತ್ರ ಯಾರೂ ಹೆಸರು ಕೊಟ್ಟಿರಲಿಲ್ಲ. ಉಳಿದವರು ಅಮೆರಿಕದ ನಾಲ್ವರು: ಐಲೀನ್ ರಿಗಿನ್, ಹೆಲೆನ್ ವೇನ್‌ರೈಟ್, ತೆಲ್ಮಾ ಪೇನ್, ಐಲೀನ್ ಆಲೆನ್. ಎದುರಾಳಿಗಳು ಮನೆಯವರೇ ಆದರೂ ಸ್ಪರ್ಧೆ ಸಡಿಲವಾಗಿರಲಿಲ್ಲವೆಂಬುದಕ್ಕೆ ಅಂಕಗಳೇ ಸಾಕ್ಷಿ. ರಿಗಿನ್ನಳಿಗೆ 539.9, ವೇನ್‌ರೈಟಳಿಗೆ 534.8, ಪೇನಳಿಗೆ 534.1. ಮೊದಲನೆಯವಳಿಗೂ ಮೂರನೆಯವಳಿಗೂ ನಡುವೆ ಆರು ಅಂಕಗಳ ಅಂತರವೂ ಇಲ್ಲ. ಒಂದೇ ಒಂದು ಧುಮುಕಿನಲ್ಲಿ ಕಾಲು ತುಸು ಬಾಗಿದ್ದರೂ ಚಿನ್ನ ಕೈತಪ್ಪುತ್ತಿತ್ತು. ಕೆಸರಿನ ಭಯವನ್ನು ಎದೆಯಲ್ಲಿಟ್ಟುಕೊಂಡೇ ಆ ಬಾಲೆ ಪ್ರತಿಯೊಂದು ಸಲವೂ ನೆಟ್ಟಗೆ ಕಪ್ಪುನೀರನ್ನು ಹೊಕ್ಕಳು, ಪ್ರತಿಯೊಂದು ಸಲವೂ ಮೇಲೆದ್ದು ಬಂದಳು.

ಹಾಗೆ ಅವಳು ಮಹಿಳೆಯರ ಚಿಮ್ಮುಹಲಗೆಯ ಮೊತ್ತಮೊದಲ ಒಲಿಂಪಿಕ್ ವಿಜೇತೆಯಾದಳು. ವೇದಿಕೆಯ ಪಂದ್ಯದಲ್ಲಿ ಅವಳಿಗೆ ಐದನೆಯ ಸ್ಥಾನ ದೊರೆಯಿತು. ಅಲ್ಲಿ ಗೆದ್ದವಳು ಡೆನ್ಮಾರ್ಕಿನ ಸ್ಟೆಫಾನಿ ಕ್ಲಾಸೆನ್. ಕಾಲುಚೀಲ ಕಳಚಿದ್ದಕ್ಕೆ ಆರೋಪ ಹೊತ್ತಿದ್ದ ಬ್ಲೈಬ್‌ಟ್ರಿ ಈಜಿನಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದಳು. ಈ ಹುಡುಗಿಯರನ್ನು ಕಳುಹಿಸಬೇಕೇ ಎಂದು ವರ್ಷದ ಮೊದಲಲ್ಲಿ ಹುಬ್ಬು ಗಂಟಿಕ್ಕಿದವರಿಗೆ ವರ್ಷದ ಕೊನೆಯಲ್ಲಿ ಹೇಳುವುದಕ್ಕೆ ಮಾತು ಉಳಿಯಲಿಲ್ಲ.

ಊರಿಗೆ ಮರಳಿದ ಐಲೀನ್ ಪದಕವನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗಲಿಲ್ಲ. 1922ರ ಸುಮಾರಿನಲ್ಲಿ, ಕ್ರೀಡಾ ಲೇಖಕನೆಂದು ಹೆಸರಾಂತ ಗ್ರಾಂಟ್‌ಲ್ಯಾಂಡ್ ರೈಸನಿಗಾಗಿ, ನೀರಿನ ಒಳಗಿನಿಂದಲೂ ನಿಧಾನಗತಿಯಲ್ಲಿಯೂ ತೆಗೆದ ಚಲಚ್ಚಿತ್ರಗಳಲ್ಲಿ ಈಜಿ ಧುಮುಕಿ ತೋರಿಸಿದಳು. ಕಣ್ಣೆವೆಯಿಕ್ಕುವಷ್ಟರಲ್ಲಿ ಮುಗಿದುಹೋಗುವ ಒಂದು ಧುಮುಕನ್ನು ಬಿಡಿಬಿಡಿಯಾಗಿ ನೋಡಿ ಕಲಿಯುವ ಸೌಲಭ್ಯ ಮುಂದಿನವರಿಗೆ ಈ ಬಗೆಯ ಚಿತ್ರಗಳಿಂದ ಒದಗಿತು. ತಾನು ಕಲಿತಾಗ ಇಲ್ಲದಿದ್ದುದನ್ನು ತನ್ನ ಬಳಿಕ ಬರುವವರಿಗೆ ಒದಗಿಸುವುದರಲ್ಲಿ ಅವಳ ಪಾಲೂ ಇತ್ತು.

1924ರಲ್ಲಿ ಪ್ಯಾರಿಸ್ ಕೂಟ. ಅಲ್ಲಿ ನಿಜವಾದ ಈಜುಕೊಳವಿತ್ತು, ತಿಳಿನೀರಿತ್ತು, ಚಿಮ್ಮುಹಲಗೆಯ ಪಂದ್ಯಕ್ಕೆ ಬೇರೆ ದೇಶಗಳ ತರುಣಿಯರೂ ಬಂದಿದ್ದರು. ಆದರೆ ಅಮೆರಿಕದ ಹುಡುಗಿಯರಿಗೆ ನಗರದ ಹೊರಗೆ ದೂರದಲ್ಲಿ ಬಿಡಾರ ಕೊಟ್ಟಿದ್ದರಿಂದ ದಿನವೂ ಗಂಟೆಗಟ್ಟಲೆ ಪ್ರಯಾಣದಲ್ಲಿಯೇ ಕಳೆಯಬೇಕಾಯಿತು. ಹದಿನೆಂಟರ ಐಲೀನ್ ಈ ಸಲ ಚಿಮ್ಮುಹಲಗೆಯಲ್ಲಿ ಎರಡನೆಯವಳಾದಳು. ಚಿನ್ನ ಅವಳದೇ ದೇಶದ ಎಲಿಜಬೆತ್ ಬೆಕರಳಿಗೆ ಸಂದಿತು. ಅದರ ಜೊತೆಗೆ 100 ಮೀಟರ್ ಬೆನ್ನೀಜಿನಲ್ಲಿ ಐಲೀನ್ ಮೂರನೆಯ ಸ್ಥಾನ ಪಡೆದು ಕಂಚಿನ ಪದಕವನ್ನೂ ಗಳಿಸಿದಳು. ಹೀಗೆ ಧುಮುಕುವಿಕೆ ಮತ್ತು ಈಜು ಎರಡರಲ್ಲಿಯೂ ಒಂದೇ ಕೂಟದಲ್ಲಿ ಈಕೆ ಪದಕ ಪಡೆದಳು. ಈಜು ದೀರ್ಘ ಶ್ವಾಸದ ವಿದ್ಯೆ. ಧುಮುಕುವಿಕೆ ಕ್ಷಣಮಾತ್ರದ ಕಲೆ. ಇವೆರಡೂ ಒಬ್ಬಳಲ್ಲಿ ನೆಲೆಸಿದ್ದು ನಿಜಕ್ಕೂ ವಿರಳವೇ ಸರಿ.

1926ರಲ್ಲಿ ಐಲೀನ್ ಹವ್ಯಾಸಿ ಕ್ರೀಡೆಯನ್ನು ಬಿಟ್ಟು ವೃತ್ತಿಗಿಳಿದಳು. ಆಟದಿಂದ ಹಣ ಪಡೆದವರು ಒಲಿಂಪಿಕ್ ಕೂಟದಲ್ಲಿ ಮತ್ತೆ ಸ್ಪರ್ಧಿಸುವಂತಿಲ್ಲವೆಂಬ ನಿಯಮ ಆಗ ಕಟ್ಟುನಿಟ್ಟಾಗಿತ್ತು. ಕೀರ್ತಿ ಬೇಕೋ ಜೀವನೋಪಾಯ ಬೇಕೋ ಎಂದು ಆಟಗಾರರನ್ನು ಕೇಳುತ್ತಿದ್ದ ನಿಯಮವದು. ಇಪ್ಪತ್ತನೆಯ ವಯಸ್ಸಿಗೇ ಸ್ಪರ್ಧೆಯ ಹಲಗೆಯಿಂದ ಆಕೆ ಇಳಿದಳು. ನೀರಿನಿಂದ ಮಾತ್ರ ಇಳಿಯಲಿಲ್ಲ. ಊರೂರಿಗೆ ಹೋಗಿ ಧುಮುಕಿ ತೋರಿಸಿದಳು. ಪತ್ರಿಕೆಗಳಿಗೆ ಕ್ರೀಡಾಲೇಖನಗಳನ್ನು ಬರೆದಳು. 1933ರ ರೋಮನ್ ಸ್ಕ್ಯಾಂಡಲ್ಸ್ ಮುಂತಾದ ಕೆಲವು ಚಲಚ್ಚಿತ್ರಗಳಲ್ಲಿ ಕಾಣಿಸಿಕೊಂಡಳು. 1937ರಲ್ಲಿ ಕ್ಲೀವ್‌ಲೆಂಡ್ ನಗರದಲ್ಲಿ ಬಿಲ್ಲಿ ರೋಸ್ ನಡೆಸಿದ ಅಕ್ವಾಕೇಡ್ ಎಂಬ ಭಾರಿ ಜಲಪ್ರದರ್ಶನವನ್ನು ಸಂಘಟಿಸುವುದರಲ್ಲಿ ನೆರವಾಗಿ, ಸ್ವತಃ ಅದರಲ್ಲಿ ಪಾಲ್ಗೊಂಡಳು. ಹಿಂದೆ ಅಪರಾಧವೆನಿಸಿದ್ದ ದೃಶ್ಯವನ್ನು ನೋಡಲು ಈಗ ಜನ ಹಣ ಕೊಟ್ಟು ಬಂದು ಕೂರುತ್ತಿದ್ದರು. ಕಾಲ ಬದಲಾದದ್ದು ಹೀಗೆ.

ಅವಳು ತುಳಿದ ಹಾದಿಯಲ್ಲಿ ಅನೇಕರು ನಡೆದರು. ಅವಳೊಡನೆ ಮಟೊಯಿಕಾ ಹಡಗಿನಲ್ಲಿ ಬಂದಿದ್ದ ಹೆಲೆನ್ ಮೀನಿ 1928ರಲ್ಲಿ ಆಂಸ್ಟರ್‌ಡಾಮಿನಲ್ಲಿ ಚಿಮ್ಮುಹಲಗೆಯ ಚಿನ್ನ ಗೆದ್ದಳು. 1932ರಲ್ಲಿ ಜಾರ್ಜಿಯಾ ಕೋಲ್ಮನ್. 1936ರಲ್ಲಿ, ಹದಿನಾಲ್ಕೂ ತುಂಬದ ಮಾರ್ಜರಿ ಗೆಸ್ಟ್ರಿಂಗ್. 1920ರಿಂದ 1948ರವರೆಗಿನ ಪ್ರತಿಯೊಂದು ಕೂಟದಲ್ಲಿಯೂ ಈ ಪಂದ್ಯದ ಮೂರು ಪದಕಗಳೂ ಅಮೆರಿಕದ ತರುಣಿಯರ ಪಾಲಾದವು.

ಬಾಗಿಲು ತೆರೆಯಿತೆಂದಮಾತ್ರಕ್ಕೆ ಅದು ಎಲ್ಲರಿಗೂ ತೆರೆಯಿತೆಂದು ಹೇಳಲಾಗದು. 1948ರಲ್ಲಿ ಲಂಡನ್ನಿನಲ್ಲಿ ಚಿಮ್ಮುಹಲಗೆ, ವೇದಿಕೆ ಎರಡರಲ್ಲಿಯೂ ಚಿನ್ನ ಗೆದ್ದ ವಿಕ್ಟೋರಿಯಾ ಡ್ರೇವ್ಸ್ ಸ್ಯಾನ್‌ಫ್ರಾನ್ಸಿಸ್ಕೋ ನಗರದವಳು; ತಂದೆ ಫಿಲಿಪೈನ್ಸಿನವನು, ತಾಯಿ ಇಂಗ್ಲೆಂಡಿನವಳು. ಮೈಬಣ್ಣದ ಭೇದವೆಣಿಸುವ ಕ್ಲಬ್ಬುಗಳು ತಂದೆಯ ಮನೆತನದ ಹೆಸರಿನಲ್ಲಿ ಅವಳನ್ನು ಒಳಗೆ ಬಿಡದಿದ್ದುದರಿಂದ, ತಾಯಿಯ ಮನೆತನದ ಹೆಸರಿಟ್ಟುಕೊಂಡು ಅವಳು ಅಭ್ಯಾಸ ಮಾಡಬೇಕಾಗಿತ್ತು. ಮನಿಲಾ ಕೊಲ್ಲಿಯ ನೀರು ಅಮೆರಿಕದ ಒಬ್ಬ ಬಾಲೆಗೆ ಯಾವ ಭೇದವನ್ನೂ ಎಣಿಸದೆ ಈಜು ಕಲಿಸಿತ್ತು. ಅಮೆರಿಕದ ಕೊಳಗಳು ಮನಿಲಾದ ಕಡೆಯವನೊಬ್ಬನ ಮಗಳನ್ನು ಹೊರಗೆ ನಿಲ್ಲಿಸಿದವು. ಈ ವೈಪರೀತ್ಯವನ್ನು ಮರೆತು ಮೊದಲಿಗರ ಕಥೆಯನ್ನು ಹೇಳುವುದು ನ್ಯಾಯವಾಗದು. ಕಾಲಚಕ್ರ ಮುಂದೆಯೂ ಉರುಳಿತು. 1988ರಿಂದ 2024ರವರೆಗೆ ಮಹಿಳೆಯರ ಚಿಮ್ಮುಹಲಗೆಯ ವೈಯಕ್ತಿಕ ಚಿನ್ನವೆಲ್ಲ ಚೀನಾ ದೇಶಕ್ಕೇ ಸಂದಿದೆ. ಒಂದೇ ದೇಶದ ನಾಲ್ವರಿಂದ ಆರಂಭವಾದ ಪಂದ್ಯ ಹೀಗೆ ಜಗತ್ತಿನ ಇನ್ನೊಂದು ಕೊನೆಯನ್ನು ಮುಟ್ಟಿತು.

ಐಲೀನ್ 1957ರಲ್ಲಿ ಹವಾಯಿ ದ್ವೀಪಕ್ಕೆ ಹೋಗಿ ನೆಲಸಿದಳು; ಹಿಂದೆ ಹಡಗಿನ ಸಂಜೆಗಳಲ್ಲಿ ಕೇಳಿದ ಆ ವಾದ್ಯದ ನಾಡಿಗೆ. 1967ರಲ್ಲಿ ಅಂತರರಾಷ್ಟ್ರೀಯ ಈಜು ಕೀರ್ತಿಮಂದಿರ ಅವಳನ್ನು ಗೌರವಿಸಿತು. ಬಹುಮಂದಿ ಊರುಗೋಲು ಹಿಡಿಯುವ ಎಂಬತ್ತೈದರ ಪ್ರಾಯದಲ್ಲಿ ಆಕೆ ಹಿರಿಯರ ಈಜುಸ್ಪರ್ಧೆಗಳಿಗೆ ಇಳಿದು ತನ್ನ ವಯೋಮಾನದ ವಿಶ್ವದಾಖಲೆಗಳನ್ನು ಮುರಿದಳು. 2002ರ ಅಕ್ಟೋಬರ್ ತಿಂಗಳಲ್ಲಿ ಹೊನೊಲುಲು ನಗರದಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ, ಆಕೆ ಕಣ್ಣುಮುಚ್ಚಿದಳು. ಆಂಟ್ವರ್ಪಿನ ಕಂದಕಕ್ಕೆ ಅವಳನ್ನು ಕರೆದೊಯ್ದ ಎಪ್‌ಸ್ಟೀನ್ 1938ರಲ್ಲಿಯೇ ತೀರಿಕೊಂಡಿದ್ದರು. ಹಿಟ್ಲರನ ಆಳ್ವಿಕೆಯಲ್ಲಿ ನಡೆದ 1936ರ ಬರ್ಲಿನ್ ಕೂಟವನ್ನು ಯಹೂದಿಯಾದ ಅವರು ಬಹಿಷ್ಕರಿಸಿದ್ದರು. ಬಾಗಿಲು ತೆರೆಸುವುದಕ್ಕಾಗಿ ಬಾಳೆಲ್ಲ ದುಡಿದವರಿಗೆ, ಯಾವ ಬಾಗಿಲನ್ನು ಹೊಗಬಾರದೆಂಬುದೂ ತಿಳಿದಿತ್ತು.

ಮತ್ತೆ ಆ ಪುಟಕ್ಕೆ ಮರಳೋಣ. 1920, ನಾಲ್ಕು ಹೆಸರುಗಳು, ಒಂದು ದೇಶ. ಉದ್ದ ಲಂಗದ ಕಟ್ಟಳೆ ಆ ಪಟ್ಟಿಯಲ್ಲಿಲ್ಲ. ಮಕ್ಕಳನ್ನು ಕಳುಹಿಸಲಾಗದೆಂದ ಸಮಿತಿಯಿಲ್ಲ. ಶವಪೆಟ್ಟಿಗೆಗಳನ್ನು ಇಳಿಸಿದ ಹಡಗಿಲ್ಲ. ಕಪ್ಪುನೀರಾಗಲಿ ಕೆಸರಾಗಲಿ ಇಲ್ಲ. ಹುಡುಗಿಯೊಬ್ಬಳು ನಿಜವಾಗಿ ಗೆದ್ದದ್ದು ಇವುಗಳನ್ನೇ. ಫಲಿತಾಂಶದ ಪಟ್ಟಿಗಳು ಸೋತವರ ಹೆಸರನ್ನು ಬರೆದಿಡುತ್ತವೆ. ಸೋತ ಅಡೆತಡೆಗಳ ಹೆಸರನ್ನು ಬರೆದಿಡುವುದಿಲ್ಲ. ಅದನ್ನು ಬರೆದಿಡುವ ಹೊಣೆ ನಮ್ಮಂಥ ಓದುವವರದು, ನೆನೆಯುವವರದು.